ಮಳೆಗೆ ಮುಂಚೆ ಮುರುಗಲು, ಮಳೆಯೊಳಗೆ ಉಪ್ಪಾಗೆ: ಮಲೆನಾಡಿನ ಕಾಡುಹಣ್ಣು ಕೊಯ್ಯುವ, ಕೂಡಿಡುವ ಕ್ರಮ

ಮಲೆನಾಡಿನ ಕಾಡುಹಣ್ಣಿನ ಲೆಕ್ಕವೆಲ್ಲ ಮಳೆನಕ್ಷತ್ರದ ಮೇಲೆ ನಡೆಯುತ್ತದೆ. ಏಪ್ರಿಲ್ ನಡುವಿಗೆ ಅಶ್ವಿನಿ ಹುಟ್ಟಿ ಜೂನ್ ಮೊದಲ ವಾರಕ್ಕೆ ರೋಹಿಣಿ ಮುಗಿಯುವುದರೊಳಗೆ ಸಿಗುವುದು ಸುಮಾರು ಎಂಟು ವಾರ. ಕೌಳಿ (ಕರಂಡೆ), ಕುಂಟುನೇರಳೆ, ಬಿಳಿಮುಳ್ಳು ಹಣ್ಣು, ಹಣ್ಣುಸಂಪಿಗೆ, ನೇರಳೆ, ಮುರುಗಲು (ಪುನರ್ಪುಳಿ) ಬಹುಪಾಲು ಈ ಎಂಟು ವಾರದೊಳಗೇ ಒಂದರ ಹಿಂದೊಂದು ಹಣ್ಣಾಗುತ್ತವೆ. ಮೃಗಶಿರಾ ಹಿಡಿಯಿತೆಂದರೆ ಅಂಗಳದಲ್ಲಿ ಹರವಿದ್ದೆಲ್ಲ ಒಳಗೆ ಬರಬೇಕು. ಮುರುಗಲಿನ ಜಾತಿಯದೇ ಹುಳಿಹಣ್ಣಾದ ಉಪ್ಪಾಗೆ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ, ಬಿಸಿಲಿನ ಮುಖವೇ ಕಾಣದ ದಿನಗಳಲ್ಲಿ ಹಣ್ಣಾಗುತ್ತದೆ. ಕಾಡುಹಣ್ಣಿನ ಕೆಲಸದ ಕಷ್ಟ, ನಷ್ಟ, ಕಾಡಿಗಾಗುವ ಹಾನಿ ಬಹುಮಟ್ಟಿಗೆ ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಇಷ್ಟೊಂದು ಮರಗಳು ಮಳೆಗಾಲದ ಬಾಗಿಲಲ್ಲೇ ಹಣ್ಣು ಬಿಡುವುದಕ್ಕೆ ಕಾರಣವಿದೆ. ನೇರಳೆ, ಮುರುಗಲಿನಂಥ ಮರಗಳ ಬೀಜ ಒಣಗಿದರೆ ಸಾಯುತ್ತದೆ. ಭತ್ತ, ರಾಗಿಯ ಬೀಜದ ಹಾಗೆ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಲು ಆಗುವುದಿಲ್ಲ. ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಬೀಜಕ್ಕೆ ಹಸಿಮಣ್ಣು ಸಿಗಬೇಕು. ಮರಕ್ಕೆ ಅನುಕೂಲವಾದ ಈ ಸಮಯವೇ ಕೊಯ್ಯುವವರಿಗೆ ಇಕ್ಕಟ್ಟು. ಬೇಗ ಕಿತ್ತರೆ ಕಾಯಿ ಬಲಿತಿರುವುದಿಲ್ಲ, ತಡವಾದರೆ ಒಣಗಿಸಲು ಬಿಸಿಲಿರುವುದಿಲ್ಲ.

ಎಲ್ಲ ಹಣ್ಣೂ ಎಲ್ಲ ಕಡೆ ಸಿಗುವುದಿಲ್ಲ. ಹುಲ್ಲು ಬೆಳೆಯುವ ಬ್ಯಾಣ, ಜಂಬಿಟ್ಟಿಗೆಯ ದಿಬ್ಬ, ರಸ್ತೆಬದಿಯ ಕುರುಚಲು ಕೌಳಿ ಮತ್ತು ಬಿಳಿಮುಳ್ಳಿನ ಜಾಗ. ಇವಕ್ಕೆ ಬಿಸಿಲು ಬೇಕು. ಅಡಿಕೆ ತೋಟದ ಮೇಲಿನ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಲ್ಲಿ ನೇರಳೆ, ಕುಂಟುನೇರಳೆ ಕಾಣುತ್ತವೆ. ಮುರುಗಲು, ಉಪ್ಪಾಗೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾನು (ದಟ್ಟ ನಿತ್ಯಹಸಿರು ಕಾಡು), ಹಳ್ಳದ ಬದಿ, ಸದಾ ತಂಪಿರುವ ಇಳಿಜಾರು ಬೇಕು. ಶಿಕಾರಿಪುರದ ಒಣಸೀಮೆಗೆ ಹೋದಂತೆ ಉಪ್ಪಾಗೆ ಮರೆಯಾಗುತ್ತದೆ, ಕೌಳಿ ಹೆಚ್ಚುತ್ತದೆ.

ಕಾಡಿಗೆ ಕಾಲಿಡುವ ಮೊದಲು

ಹಣ್ಣಿನ ರುಚಿಗಿಂತ ಮೊದಲು ಉಣುಗಿನ ವಿಷಯ ಹೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಅದರಲ್ಲೂ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಮರಿ ಉಣುಗು ಹೆಚ್ಚು ಅಪಾಯಕಾರಿ. ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಬೆಟ್ಟದ ನೆಲ್ಲಿ ಕೊಯ್ಯುವ, ಕೌಳಿಕಾಯಿ ಕೀಳುವ, ಮುರುಗಲು ಹೆಕ್ಕುವ ದಿನಗಳು ಇದರೊಳಗೇ ಬರುತ್ತವೆ. ಕೈಕಾಲು ಪೂರ್ತಿ ಮುಚ್ಚುವ ಬಟ್ಟೆ ತೊಡಬೇಕು, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ತೈಲವನ್ನು ಹೊರಡುವ ಮೊದಲು ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಕುಳಿತು ಹಣ್ಣು ಆರಿಸುವ ಅಭ್ಯಾಸ ಬಿಡಬೇಕು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಸೊಂಟ, ಮೊಣಕಾಲಿನ ಹಿಂದೆ ನೋಡಿಕೊಳ್ಳಬೇಕು. ಮಂಗ ಸತ್ತು ಬಿದ್ದ ಕಡೆ ಆ ವರ್ಷ ಹಣ್ಣಿಗೆ ಹೋಗಲೇಬಾರದು. ಸತ್ತ ಮಂಗದ ಸುದ್ದಿಯನ್ನು ಆರೋಗ್ಯ ಇಲಾಖೆಗೆ ಮುಟ್ಟಿಸಬೇಕು.

ಗುರುತಿನ ವಿಷಯವೂ ಇಷ್ಟೇ ಗಟ್ಟಿಯಾಗಿರಬೇಕು. ಕಾಸರಕದ ಕಿತ್ತಳೆ ಬಣ್ಣದ ದುಂಡು ಹಣ್ಣು ನೋಡಲು ಚೆಂದ, ಬೀಜ ಮಾತ್ರ ಕಡುವಿಷ. ಕಾಡುಗೇರಿನ ಜಾತಿಯ ಮರಗಳ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ‘ಹಕ್ಕಿ ತಿಂದದ್ದು ಮನುಷ್ಯನೂ ತಿನ್ನಬಹುದು’ ಎಂಬ ಮಾತನ್ನು ನಂಬಬಾರದು. ಊರಿನ ಹಿರಿಯರು ತೋರಿಸಿ, ಹೆಸರು ಹೇಳಿ, ತಿಂದು ತೋರಿಸಿದ ಹಣ್ಣನ್ನಷ್ಟೇ ಬುಟ್ಟಿಗೆ ಹಾಕಬೇಕು.

ಕೌಳಿ: ಹಾಲು ಮತ್ತು ಉಪ್ಪು

ಕೌಳಿ ಎರಡು ಸಲ ಕೊಯ್ಯುವ ಬೆಳೆ. ಉಪ್ಪಿನಕಾಯಿಗೆ ಹಸಿರುಕಾಯಿ, ತಿನ್ನಲು ಕಪ್ಪಾದ ಹಣ್ಣು. ಉಪ್ಪಿನಕಾಯಿಗೆ ಕಾಯಿ ಪೂರ್ತಿ ಗಾತ್ರಕ್ಕೆ ಬಂದಿರಬೇಕು, ಒಳಗಿನ ಬೀಜ ಇನ್ನೂ ಎಳೆಯದಾಗಿರಬೇಕು. ಒಂದು ಕಾಯಿ ಅಡ್ಡ ಕತ್ತರಿಸಿ ನೋಡಿದರೆ ತಿಳಿಯುತ್ತದೆ. ಬೀಜ ಬಿಳಿಯಿದ್ದು ಚಾಕುವಿಗೆ ಸಿಕ್ಕಿ ತುಂಡಾದರೆ ಸರಿಯಾದ ಹದ. ಕಂದು ತಿರುಗಿ ಗಟ್ಟಿಯಾಗಿದ್ದರೆ ಹಣ್ಣಿಗೆ ಬಿಡುವುದೇ ಲೇಸು. ಕೊಂಬೆಗೆ ಜೋಡಿಜೋಡಿಯಾಗಿ ಗಟ್ಟಿಮುಳ್ಳು ಇರುತ್ತದೆ, ಹಾಗಾಗಿ ಕೊಂಬೆ ಎಳೆದು ಕೀಳುವುದಕ್ಕಿಂತ ಕೊಕ್ಕೆಯಿಂದ ಬಗ್ಗಿಸಿಕೊಂಡು ಒಂದೊಂದೇ ಕಾಯಿಯನ್ನು ತೊಟ್ಟು ತಿರುಚಿ ಬಿಡಿಸಿಕೊಳ್ಳಬೇಕು. ಯುರೋಪಿನ ಉತ್ತರದ ಹಳ್ಳಿಗಳಲ್ಲಿ ಕಾಡು ಬ್ಲೂಬೆರಿಯನ್ನು ಬಾಚಣಿಗೆಯಂಥ ಹಲ್ಲುಗಳಿರುವ ಕೈಸಲಿಕೆಯಿಂದ ಬಾಚಿ ತೆಗೆಯುತ್ತಾರೆ. ಅಲ್ಲಿನ ಗಿಡ ಮೊಣಕಾಲಿಗಿಂತ ಕೆಳಗೆ, ಮುಳ್ಳಿಲ್ಲ. ಕೌಳಿಗೆ ಅಂಥ ಸಲಕರಣೆ ನಡೆಯುವುದಿಲ್ಲ. ಒಂದೇ ಗೊಂಚಲಿನಲ್ಲಿ ಹಸಿರು, ಕೆಂಪು, ಕಪ್ಪು ಮೂರೂ ಇರುವುದರಿಂದ ಆರಿಸುವ ಕೆಲಸವನ್ನು ಗಿಡದಲ್ಲೇ ಮಾಡಿ ಮುಗಿಸಬೇಕು.

ತೊಟ್ಟು ಮುರಿದಲ್ಲಿ ಬಿಳಿ ಹಾಲು ಒಸರುತ್ತದೆ. ಇದು ಅಂಟು. ಬೆರಳಿಗೆ, ಚಾಕುವಿಗೆ, ತುಟಿಗೆ ಅಂಟಿಕೊಂಡು ಕಪ್ಪಗೆ ಹೆಪ್ಪುಗಟ್ಟುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತರೆ ಅಂಟು ಹಿಡಿಯುವುದಿಲ್ಲ. ಕಿತ್ತ ಕಾಯಿಯನ್ನು ಹಿಡಿ ಉಪ್ಪು ಬೆರೆಸಿದ ನೀರಿನಲ್ಲಿ ಒಂದೆರಡು ತಾಸು ಬಿಟ್ಟರೆ ಹಾಲು ಹೆಪ್ಪಾಗಿ ಬಿಡುತ್ತದೆ. ತೊಳೆದಮೇಲೆ ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಬೇಕು. ಉಪ್ಪಿನಕಾಯಿ ಕೆಡುವುದಿದ್ದರೆ ಹೆಚ್ಚಿನ ಸಲ ಇಲ್ಲೇ ಕೆಡುತ್ತದೆ, ತೊಟ್ಟಿನ ಕುಳಿಯಲ್ಲಿ ಉಳಿದ ಒಂದು ಹನಿ ನೀರಿನಿಂದ.

ಒಂದು ಕೆಜಿ ಕಾಯಿಗೆ ಕಾಲು ಕೆಜಿ ಕಲ್ಲುಪ್ಪು. ಕಾಯಿಯನ್ನು ಉದ್ದಕ್ಕೆ ಸೀಳಿ, ಭರಣಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಕಾಯಿ ಹೀಗೆ ತುಂಬಿ, ಮೇಲೆ ಉಪ್ಪಿನ ಪದರವೇ ಬರಬೇಕು. ಅದರ ಮೇಲೆ ತೊಳೆದು ಒಣಗಿಸಿದ ಕಲ್ಲು ಅಥವಾ ಪಿಂಗಾಣಿ ತಟ್ಟೆಯ ಭಾರ. ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಿದರೆ ಎರಡು ಮೂರು ದಿನದಲ್ಲಿ ಕಾಯಿಯೇ ನೀರು ಬಿಟ್ಟುಕೊಳ್ಳುತ್ತದೆ. ವಾರದ ಹೊತ್ತಿಗೆ ಸುಕ್ಕುಗಟ್ಟಿದ ಕಾಯಿಗೆ ಸಾಸಿವೆ, ಒಣಮೆಣಸು ಅರೆದು ಕಲಸಬಹುದು. ಆರೋಗ್ಯದ ಹೆಸರಿನಲ್ಲಿ ಉಪ್ಪನ್ನು ಅರ್ಧಕ್ಕೆ ಇಳಿಸಿದರೆ ಮಳೆಗಾಲದ ಬೂಷ್ಟು ತಪ್ಪುವುದಿಲ್ಲ. ಉಪ್ಪು ಕಡಿಮೆ ಬೇಕೆನ್ನುವವರು ಉಪ್ಪಿನಕಾಯಿ ಕಡಿಮೆ ತಿನ್ನಬೇಕು, ಭರಣಿಯ ಲೆಕ್ಕ ಬದಲಿಸಬಾರದು. ಉಪ್ಪಿನ ನೀರಿನ ಮಟ್ಟಕ್ಕಿಂತ ಮೇಲೆ ತೇಲುವ ಕಾಯಿಯೇ ಮೊದಲು ಬೂಷ್ಟು ಹಿಡಿಯುವುದು. ಭಾರ ಇಡುವುದು ಅದಕ್ಕಾಗಿಯೇ.

ಕುಂಟುನೇರಳೆ ಮತ್ತು ಬಣ್ಣದ ಗುಟ್ಟು

ಪೇಟೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಬ್ಲೂಬೆರಿ ಮಲೆನಾಡಿನ ಗುಡ್ಡದಲ್ಲಿ ಏಕೆ ಬೆಳೆಯಬಾರದು ಎಂದು ಕೇಳುವವರಿದ್ದಾರೆ. ಅದಕ್ಕೆ ಬೇಕಾದ ಹುಳಿಮಣ್ಣು ನಮ್ಮಲ್ಲಿದೆ, ಚಳಿ ಇಲ್ಲ. ಹಳೆಯ ತಳಿಗಳು ಮೊಗ್ಗೊಡೆಯಬೇಕಾದರೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಚಳಿ ಕಡಿಮೆ ಸಾಕೆನ್ನುವ ತಳಿಗಳು ಬಂದಿದ್ದರೂ ಆಗುಂಬೆ ಸೀಮೆಯ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆಯಲ್ಲಿ ಅವುಗಳ ಬೇರು ಕೊಳೆಯದಂತೆ ನೋಡಿಕೊಳ್ಳುವುದು ಸುಲಭವಲ್ಲ. ಬ್ಲೂಬೆರಿಗೆ ಹೆಸರು ತಂದ ಆಂಥೋಸಯನಿನ್ ಎಂಬ ಬಣ್ಣದ ಅಂಶವನ್ನಂತೂ ಕುಂಟುನೇರಳೆ, ನೇರಳೆ, ಮುರುಗಲು ಮೂರೂ ಧಾರಾಳವಾಗಿ ಹೊತ್ತಿವೆ.

ಈ ಬಣ್ಣದ ಸ್ವಭಾವ ತಿಳಿದರೆ ಅಡುಗೆಮನೆಯ ಅರ್ಧ ತಪ್ಪು ತಪ್ಪುತ್ತದೆ. ಹುಳಿಯಲ್ಲಿ ಅದು ಕೆಂಪು, ಹುಳಿ ಇಳಿದಂತೆ ನೇರಳೆ, ಸುಣ್ಣ ಅಥವಾ ಸೋಪು ತಾಗಿದರೆ ನೀಲಿ-ಹಸಿರು. ಬಟ್ಟೆಗೆ ಬಿದ್ದ ಮುರುಗಲಿನ ಕಲೆಗೆ ಸೋಪು ಹಚ್ಚಿದೊಡನೆ ಅದು ನೀಲಿಯಾಗುವುದು ಇದೇ ಕಾರಣಕ್ಕೆ. ಹೆಚ್ಚು ಹೊತ್ತು ಕುದಿಸಿದರೆ, ಗಾಜಿನ ಬಾಟಲಿಯಲ್ಲಿ ಬೆಳಕಿಗೆ ಇಟ್ಟರೆ ಬಣ್ಣ ಕಂದಿ ಕಂದು ತಿರುಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಕಾಸಿದರೆ ಒಗರಿನ ಅಂಶ ಕಬ್ಬಿಣದೊಂದಿಗೆ ಸೇರಿ ರಸ ಕಪ್ಪಾಗುತ್ತದೆ.

ಕುಂಟುನೇರಳೆ ಬಟಾಣಿ ಗಾತ್ರದ್ದು, ಗೊಂಚಲಾಗಿ ಬರುತ್ತದೆ. ಕಿತ್ತ ದಿನವೇ ಮುಗಿಸಬೇಕು, ಮಾರನೆಯ ದಿನಕ್ಕೆ ಬುಟ್ಟಿಯ ತಳದ್ದು ಹುದುಗುವಾಸನೆ ಹೊಡೆಯುತ್ತದೆ. ನಾಲ್ಕು ಬೆರಳಿಗಿಂತ ಆಳವಾಗಿ ತುಂಬಬಾರದು. ರಸ ಮಾಡುವುದಾದರೆ ಒಂದು ಕೆಜಿ ಹಣ್ಣಿಗೆ ಒಂದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಸಿಪ್ಪೆ ಬಿರಿಯುವ ತನಕ ಮಾತ್ರ ಕಾಯಿಸಿ, ಕೈಯಿಂದ ಹಿಸುಕಿ ಬಟ್ಟೆಯಲ್ಲಿ ಸೋಸಬೇಕು. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರು, ಕಹಿ ಎರಡೂ ಇಳಿಯುತ್ತವೆ. ನೇರಳೆಗೂ ಇದೇ ಮಾತು. ನೇರಳೆ ತಿನ್ನುವಾಗ ಚಿಟಿಕೆ ಉಪ್ಪು ಹಚ್ಚಿ ಪಾತ್ರೆಯಲ್ಲಿ ಕುಲುಕಿ ಐದು ನಿಮಿಷ ಬಿಟ್ಟರೆ ಒಗರು ತಗ್ಗುತ್ತದೆ. ಹಣ್ಣುಸಂಪಿಗೆಯನ್ನು ತಿನ್ನುವ ಮೊದಲು ಎರಡು ಅಂಗೈ ನಡುವೆ ಇಟ್ಟು ಮೆತ್ತಗಾಗುವ ತನಕ ಉಜ್ಜುವ ರೂಢಿಯೂ ಒಗರು ಕಳೆಯುವ ಉಪಾಯವೇ.

ಮುರುಗಲು

ಕರಾವಳಿಯವರು ಪುನರ್ಪುಳಿ ಎನ್ನುವ ಮುರುಗಲನ್ನು ಕೊಯ್ಯುವ ಬದಲು ಹೆಕ್ಕುವುದೇ ಒಳ್ಳೆಯದು. ಪೂರ್ತಿ ಕೆಂಪಾಗಿ ಬುಡಕ್ಕೆ ಬಿದ್ದ ಹಣ್ಣಿನಲ್ಲಿ ಬಣ್ಣ, ರಸ ಎರಡೂ ತುಂಬಿರುತ್ತವೆ. ಮರದ ಕೆಳಗೆ ತರಗು ಗುಡಿಸಿ, ಹಳೆಯ ಸೀರೆ ಅಥವಾ ಬಲೆ ಹಾಸಿ, ಬೆಳಗ್ಗೆ ಬೇಗ ಹೋಗಿ ಆರಿಸಬೇಕು. ಮಧ್ಯಾಹ್ನದ ತನಕ ಬಿಟ್ಟರೆ ಒಡೆದ ಹಣ್ಣಿಗೆ ಇರುವೆ ಮುತ್ತುತ್ತದೆ. ದೋಟಿಯಿಂದ ಕೀಳುವುದಾದರೆ ಅರ್ಧಕ್ಕಿಂತ ಹೆಚ್ಚು ಕೆಂಪಾದದ್ದನ್ನು ಮಾತ್ರ ಕೀಳಬೇಕು. ಬಲಿತದ್ದು ಮನೆಯಲ್ಲಿ ಒಂದೆರಡು ದಿನಕ್ಕೆ ಹಣ್ಣಾಗುತ್ತದೆ, ಹಸಿರಿನದು ಬಾಡಿಹೋಗುತ್ತದೆ.

ಹಣ್ಣಿನ ತೂಕದಲ್ಲಿ ಸಿಪ್ಪೆ ಸುಮಾರು ಅರ್ಧ. ಆ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಹಾಗಾಗಿ ಹತ್ತು ಕೆಜಿ ಹಣ್ಣು ಹೊತ್ತು ತಂದರೆ ಕೊನೆಗೆ ಕೈಗೆ ಸಿಗುವ ಒಣಸಿಪ್ಪೆ ಒಂದು ಕೆಜಿಯ ಆಸುಪಾಸು. ಕೊಳ್ಳುವವರು ಬೆಲೆ ಕೇಳಿ ಹುಬ್ಬೇರಿಸುವ ಮುನ್ನ ಈ ಲೆಕ್ಕ ನೆನೆಯಬೇಕು.

ಒಣಗಿಸುವಾಗ ಹಣ್ಣನ್ನು ಎರಡು ಹೋಳು ಮಾಡಿ, ಬೀಜ ಮತ್ತು ತಿರುಳು ಬೇರೆ ತೆಗೆದು, ಹೋಳಿನ ಒಳಮೈ ಮೇಲೆ ಬರುವಂತೆ ಬಿದಿರಿನ ತಟ್ಟಿ ಅಥವಾ ಚಾಪೆಯ ಮೇಲೆ ಒಂದೇ ಪದರ ಹರವಬೇಕು. ಮೊದಲ ದಿನದ ಬಿಸಿಲು ಮುಖ್ಯ, ಅಂದು ಮೋಡವಿದ್ದರೆ ಹಣ್ಣು ಒಡೆಯುವುದನ್ನೇ ಮುಂದೂಡಬೇಕು. ತೆಗೆದಿಟ್ಟ ರಸವನ್ನು ಸ್ವಲ್ಪ ಉಪ್ಪಿನೊಂದಿಗೆ ದಿನವೂ ಸಿಪ್ಪೆಗೆ ಸವರಿ ಮತ್ತೆ ಒಣಗಿಸುವವರಿದ್ದಾರೆ, ಇದರಿಂದ ಬಣ್ಣ, ಹುಳಿ ಹೆಚ್ಚುತ್ತದೆ. ಸಂಜೆ ಇಬ್ಬನಿಗೆ ಮುಂಚೆ ಒಳಗೆ ತರಬೇಕು. ಒಳ್ಳೆಯ ಬಿಸಿಲಿದ್ದರೆ ಒಂದು ವಾರ ಸಾಕು. ಹಿಂಡಿದಾಗ ಬೆರಳಿಗೆ ರಸ ಹತ್ತದೆ, ಬಗ್ಗಿಸಿದಾಗ ಮುರಿಯದೆ ಚಕ್ಕಳದಂತೆ ಬಾಗಿದರೆ ಒಣಗಿದೆ ಎಂದರ್ಥ. ಮುರುಗಲಿನ ಹುಳಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗೋಣಿಯಲ್ಲಿಟ್ಟ ಸಿಪ್ಪೆ ಆಷಾಢದಲ್ಲಿ ಒದ್ದೆಯಾಗಿ ಬೂಷ್ಟು ಹಿಡಿಯುವುದು ಅದಕ್ಕೇ. ಗಾಳಿಯಾಡದ ಭರಣಿಯೇ ಬೇಕು.

ಶರಬತ್ತಿಗೆ ಒಂದು ಕೆಜಿ ಹಸಿ ಸಿಪ್ಪೆಗೆ ಎರಡು ಕೆಜಿ ಸಕ್ಕರೆ. ಪಿಂಗಾಣಿ ಜಾಡಿಯಲ್ಲಿ ಸಕ್ಕರೆ, ಸಿಪ್ಪೆ, ಮತ್ತೆ ಸಕ್ಕರೆ ಎಂದು ಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗಿಡಬೇಕು. ಬಿಸಿ ತಾಗಬೇಕು, ಬೆಳಕು ತಾಗಬಾರದು, ಆದ್ದರಿಂದ ಗಾಜಿಗಿಂತ ಪಿಂಗಾಣಿ ಮೇಲು. ದಿನಕ್ಕೊಮ್ಮೆ ಕಲಕಿ, ಸಕ್ಕರೆ ಕರಗಿದಮೇಲೆ ಸೋಸಿದರೆ ಕುದಿಸದ ಪಾಕ ಸಿದ್ಧ. ಕುಡಿಯುವಾಗ ಒಂದು ಪಾಲಿಗೆ ಐದಾರು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಸಿಪ್ಪೆಯಷ್ಟೇ ಸಕ್ಕರೆ ಹಾಕಿದರೆ ಸಿಹಿ ಸಾಕಾಗಬಹುದು, ಆದರೆ ಪಾಕ ಹುಳಿತು ನೊರೆ ಏಳುತ್ತದೆ, ಬಾಟಲಿಯ ಮುಚ್ಚಳ ಹಾರುತ್ತದೆ. ಇಲ್ಲಿ ಸಕ್ಕರೆ ರುಚಿಗಿಂತ ಹೆಚ್ಚಾಗಿ ಕಾವಲಿಗೆ ಇರುವುದು. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಗಳನ್ನು ಈ ಹುಳಿಯ ಹತ್ತಿರವೂ ತರಬಾರದು.

ಬೀಜವನ್ನು ಎಸೆಯುವುದಿಲ್ಲ. ತೊಳೆದು, ಒಣಗಿಸಿ, ಮೇಲಿನ ಓಡು ತೆಗೆದು, ಒಳಗಿನ ಬೇಳೆಯನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ತಣಿದಮೇಲೆ ಗಟ್ಟಿ ಪದರವಾಗಿ ಎತ್ತಿಕೊಳ್ಳಬಹುದು. ಬೀಜದ ತೂಕದ ಸುಮಾರು ಕಾಲು ಭಾಗ ಈ ತುಪ್ಪ. ಮೈಬಿಸಿಯ ಹತ್ತಿರ ಹತ್ತಿರ ಕರಗುವ ಗುಣ ಇರುವುದರಿಂದ ಒಡೆದ ಹಿಮ್ಮಡಿಗೆ ಉಜ್ಜಿದರೆ ಚೆನ್ನಾಗಿ ಹಿಡಿಯುತ್ತದೆ.

ಉಪ್ಪಾಗೆ: ಬಿಸಿಲಿಲ್ಲದ ಹಣ್ಣು

ಉಪ್ಪಾಗೆ ಮುರುಗಲಿನ ದಾಯಾದಿ. ಹಳದಿ ಹಣ್ಣು, ಮೈತುಂಬ ಉದ್ದುದ್ದ ಗೀರು. ಕೇರಳದ ಮೀನುಸಾರಿನ ಕುಡಂಪುಳಿ ಇದರ ಒಣಸಿಪ್ಪೆ, ಕೊಡಗಿನ ಕಾಚಂಪುಳಿ ಇದರ ರಸವನ್ನು ಕಪ್ಪಗೆ ಬತ್ತಿಸಿದ್ದು. ನಮ್ಮಲ್ಲಿ ಇದರ ಬೀಜದ ತುಪ್ಪವನ್ನು ದೋಸೆಗೆ, ಒಗ್ಗರಣೆಗೆ ಬಳಸುವ ಮನೆಗಳಿವೆ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮೈತೂಕ ಇಳಿಸುತ್ತದೆ ಎಂಬ ಪ್ರಚಾರದಿಂದ 1990ರ ದಶಕದಲ್ಲಿ ಹೊರದೇಶದ ಬೇಡಿಕೆ ಎದ್ದು, ಅದುವರೆಗೆ ಮನೆಬಳಕೆಗಷ್ಟೇ ಇದ್ದ ಹಣ್ಣು ರಾತ್ರೋರಾತ್ರಿ ಹಣದ ಬೆಳೆಯಾಯಿತು.

ಅಲ್ಲಿಂದ ಶುರುವಾದದ್ದು ಕಾಯಿ ಕೀಳುವ ಪೈಪೋಟಿ. ಕಾಡಿನ ಮರ ಯಾರೊಬ್ಬರದೂ ಅಲ್ಲ. ನಾನು ಹಣ್ಣಾಗಲೆಂದು ಬಿಟ್ಟರೆ ನಾಳೆ ಇನ್ನೊಬ್ಬರು ಕಾಯಿಯನ್ನೇ ಕೊಯ್ಯುತ್ತಾರೆ ಎಂಬ ಭಯದಲ್ಲಿ ಎಲ್ಲರೂ ಕಾಯಿ ಕೀಳುತ್ತಾರೆ. ಎತ್ತರದ ಮರದ ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ಬಿಡಿಸಿಕೊಳ್ಳುವುದೂ ಇದೆ. ಇದರಲ್ಲಿ ಯಾರಿಗೂ ಲಾಭವಿಲ್ಲ. ಎಳೆಕಾಯಿಯ ಸಿಪ್ಪೆ ತೆಳು, ಒಣಗಿದಾಗ ತೂಕ ಬರುವುದಿಲ್ಲ. ಬೀಜ ಬಲಿತಿರುವುದಿಲ್ಲ, ಆದ್ದರಿಂದ ತುಪ್ಪವೂ ಇಲ್ಲ, ಮೊಳಕೆಯೂ ಇಲ್ಲ. ಕಡಿದ ಕೊಂಬೆ ಮತ್ತೆ ಫಲ ಕೊಡುವ ಹಂತಕ್ಕೆ ಬರಲು ವರ್ಷಗಳು ಬೇಕು. ಶರಾವತಿ, ಅಘನಾಶಿನಿ ಕಣಿವೆಗಳ ಸಿಂಗಳೀಕಕ್ಕೆ ಮಳೆಗಾಲದ ಆಹಾರದಲ್ಲಿ ಉಪ್ಪಾಗೆಯೂ ಒಂದು, ಅದರ ಪಾಲೂ ಹೋಗುತ್ತದೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಪೂರ್ತಿ ಹಳದಿಯಾಗಿ ತಾನಾಗಿ ಬಿದ್ದದ್ದನ್ನು ದಿನ ಬಿಟ್ಟು ದಿನ ಹೆಕ್ಕುವುದು. ಸಿಪ್ಪೆಯನ್ನು ಗೀರಿನುದ್ದಕ್ಕೆ ಬಿಡಿಸಿಕೊಂಡು, ಬೀಜವಿರುವ ತಿರುಳಿನಲ್ಲಿ ಒಂದು ಪಾಲನ್ನು ಅಲ್ಲೇ ಕಾಡಿನ ತರಗಿನಡಿ ಹರಡಿ ಬರುವುದು. ಊರಿನವರು ಮೊದಲೇ ಕೂತು ಕೊಯ್ಲಿನ ದಿನ ಗೊತ್ತುಮಾಡಿ, ಅದಕ್ಕೆ ಮುಂಚೆ ಯಾರೂ ಮರ ಮುಟ್ಟಕೂಡದು ಎಂದು ಕಟ್ಟು ಮಾಡಿಕೊಂಡರೆ ಮಾತ್ರ ಇದು ನಡೆಯುತ್ತದೆ. ಗ್ರಾಮ ಅರಣ್ಯ ಸಮಿತಿ ಗಟ್ಟಿಯಿದ್ದ ಕಡೆ ಇದಕ್ಕೆ ವೇದಿಕೆ ಸಿಗುತ್ತದೆ. ಒಬ್ಬೊಬ್ಬರ ಸಜ್ಜನಿಕೆಯಿಂದ ಆಗುವ ಕೆಲಸ ಇದಲ್ಲ.

ಒಣಗಿಸುವುದು ಇದರ ದೊಡ್ಡ ತಲೆನೋವು. ಬಿಸಿಲಿಲ್ಲದ ಕಾಲದಲ್ಲಿ ಒಲೆಯ ಮೇಲೆ ಅಟ್ಟ ಕಟ್ಟಿ, ಬಿದಿರಿನ ತಟ್ಟಿಯ ಮೇಲೆ ಸಿಪ್ಪೆ ಹರವಿ, ಕೆಳಗಿನಿಂದ ಬೆಂಕಿ-ಹೊಗೆ ಕೊಡಬೇಕು. ತೆರೆದ ಒಲೆಯಲ್ಲಿ ಒಂದು ಕೆಜಿ ಒಣಸಿಪ್ಪೆಗೆ ಅದರ ಹಲವು ಪಟ್ಟು ಕಟ್ಟಿಗೆ ಉರಿಯುತ್ತದೆ, ಆ ಕಟ್ಟಿಗೆಯೂ ಅದೇ ಕಾಡಿನದು. ಸುತ್ತ ಗೋಡೆ, ಹೊಗೆಕೊಳವೆ ಇರುವ ಮುಚ್ಚಿದ ಒಣಗೂಡು ಕಟ್ಟಿಕೊಂಡರೆ ಕಟ್ಟಿಗೆ ಉಳಿಯುತ್ತದೆ, ಒಳಗೆ ಕೂತವರ ಕಣ್ಣು-ಎದೆಯೂ ಉಳಿಯುತ್ತದೆ. ನಾಲ್ಕೈದು ಮನೆ ಸೇರಿ ಒಂದನ್ನು ಕಟ್ಟಿಕೊಳ್ಳುವುದು ಜಾಣತನ. ಮೊದಲ ದಿನ ಜೋರು ಉರಿ ಕೊಟ್ಟರೆ ಸಿಪ್ಪೆಯ ಹೊರಮೈ ಗಟ್ಟಿಯಾಗಿ ಒಳಗಿನ ನೀರು ಸಿಕ್ಕಿಹಾಕಿಕೊಳ್ಳುತ್ತದೆ, ಮೂಟೆ ಕಟ್ಟಿದಮೇಲೆ ಅದೇ ಕೊಳೆಯುತ್ತದೆ. ಹದವಾದ ಕಾವಿನಲ್ಲಿ, ದಿನಕ್ಕೆ ಎರಡು ಸಲ ತಿರುವಿಹಾಕುತ್ತ ಕಪ್ಪಾಗಿ ಚಕ್ಕಳದ ಹದಕ್ಕೆ ತರಬೇಕು.

ಹಕ್ಕು ಮತ್ತು ಸಸಿ

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಹಣ್ಣು ಕೊಯ್ಯುವ ಮುನ್ನ ಕಾನೂನು ತಿಳಿದಿರಬೇಕು. ಉಳಿದ ಅರಣ್ಯದಲ್ಲಿ ಕಿರು ಅರಣ್ಯ ಉತ್ಪನ್ನ ಸಂಗ್ರಹದ ಗುತ್ತಿಗೆ ಯಾರಿಗಾಗಿದೆ ಎಂದು ವಲಯ ಕಚೇರಿಯಲ್ಲಿ ವಿಚಾರಿಸಬಹುದು. 2006ರ ಅರಣ್ಯ ಹಕ್ಕು ಕಾಯ್ದೆ ಹಸಲರಂಥ ಬುಡಕಟ್ಟಿನವರಿಗೂ ಪಾರಂಪರಿಕ ಅರಣ್ಯವಾಸಿಗಳಿಗೂ ಕಿರು ಉತ್ಪನ್ನದ ಮೇಲೆ ಒಡೆತನದ ಹಕ್ಕು ಕೊಡುತ್ತದೆ. ಅದಕ್ಕೆ ಗ್ರಾಮಸಭೆಯ ಮೂಲಕ ಅರ್ಜಿ ಹಾಕಬೇಕು.

ಸ್ವಂತ ಬೆಟ್ಟ, ತೋಟದಂಚು ಇರುವವರು ಮರವನ್ನೇ ಬೆಳೆಸಿಕೊಳ್ಳಬಹುದು. ಒಂದು ವಿಷಯ ಮಾತ್ರ ಗೊತ್ತಿರಬೇಕು: ಮುರುಗಲು, ಉಪ್ಪಾಗೆ ಎರಡರಲ್ಲೂ ಗಂಡುಮರ, ಹೆಣ್ಣುಮರ ಬೇರೆಬೇರೆ. ಬೀಜದಿಂದ ಎದ್ದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಹೂ ಬಿಡುವ ತನಕ ಗುರುತು ಸಿಗುವುದಿಲ್ಲ, ಅದಕ್ಕೆ ಏಳೆಂಟು ವರ್ಷವಾದರೂ ಕಾಯಬೇಕು. ಹಣ್ಣು ಬಿಡದ ಮರವೆಂದು ಗಂಡನ್ನೆಲ್ಲ ಕಡಿದರೆ ಉಳಿದ ಹೆಣ್ಣುಮರಗಳ ಫಸಲೂ ಇಳಿಯುತ್ತದೆ. ಚೆನ್ನಾಗಿ ಬಿಡುವ ಹೆಣ್ಣುಮರದಿಂದ ಕಸಿ ಕಟ್ಟಿದ ಸಸಿ ನಾಲ್ಕೈದು ವರ್ಷಕ್ಕೆ ಫಲಕ್ಕೆ ಬರುತ್ತದೆ. ಕಸಿಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಬೆಳೆಯುವ ಚಿಗುರಿನಿಂದಲೇ ತೆಗೆಯಬೇಕು. ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಸಸಿ ಎದ್ದು ನಿಲ್ಲದೆ ಪೊದೆಯಂತೆ ಪಕ್ಕಕ್ಕೆ ಹರಡುತ್ತದೆ. ನರ್ಸರಿಯಲ್ಲಿ ಕೊಳ್ಳುವಾಗ ಇದನ್ನು ಕೇಳಿ, ಸಸಿಯ ತುದಿ ನೋಡಿ ಆರಿಸಬೇಕು. ಬೀಜದಿಂದಲೇ ಮಾಡುವುದಾದರೆ ಮುರುಗಲಿನ ಬೀಜವನ್ನು ತಿರುಳು ತೊಳೆದ ವಾರದೊಳಗೆ, ನೆರಳಿನಲ್ಲಿ, ಒಂದು ಅಂಗುಲ ಆಳಕ್ಕೆ ಊರಬೇಕು. ಉಪ್ಪಾಗೆಯ ಬೀಜ ಮೊಳೆಯಲು ಐದಾರು ತಿಂಗಳಿಗೂ ಮೇಲೆ ಹಿಡಿಯುತ್ತದೆ, ದೀಪಾವಳಿ ಕಳೆದರೂ ಏನೂ ಕಾಣಲಿಲ್ಲವೆಂದು ಚೀಲದ ಮಣ್ಣು ಚೆಲ್ಲಬಾರದು. ಬೇಸಿಗೆಯುದ್ದಕ್ಕೂ ತೇವ ಆರದಂತೆ ನೀರು ಕೊಡುತ್ತಿರಬೇಕು.